ನಲ್ಲಿ ಹೀರಿಕೊಂಡ ನೀರು

ಡ್ರಮ್ಮಿನಲ್ಲಿದ್ದ ಬಿಳಿ ನೀರು ಒಂದು ಗೇಣು ಇಳಿದಿತ್ತು. ಡ್ರಮ್ಮು ತೂತಾಗಿರಬೇಕೆಂದು ಸರಸಮ್ಮ ಸುತ್ತ ತಡಕಿ ನೋಡಿದಳು. ನೆಲ ಒಣಗಿಯೇ ಇತ್ತು. ಕುರಿಗಳ ಮೈಯ ಉಣ್ಣಿ ಸಾಯಲೆಂದು ಗಂಡ ಬೀರಯ್ಯ ಮಾಗಡಿಯಿಂದ ತಂದಿದ್ದ ಔಷಧಿಯನ್ನು ಅರ್ಧ ಗಂಟೆಯ ಹಿಂದೆ ಅವಳೇ ಅದಕ್ಕೆ ಸುರಿದಿದ್ದಳು. ಅವನು ಹೊಲದಿಂದ ಕುರಿ ಹೊಡೆದುಕೊಂಡು ಬರುವಷ್ಟರಲ್ಲಿ ಡ್ರಮ್ಮು ತುಂಬಿರಲಿ ಎಂದು ನಲ್ಲಿ ತಿರುಗಿಸಿ, ಅದಕ್ಕೆ ಸಿಕ್ಕಿಸಿದ್ದ ಪೈಪನ್ನು ಒಳಗೆ ಇಳಿಬಿಟ್ಟು, ಮರಿಗಳನ್ನು ಕಟ್ಟಲು ಹಿತ್ತಲಿಗೆ ಹೋಗಿದ್ದಳು. ಅಷ್ಟರಲ್ಲಿ ಊರಿನ ನೀರು ನಿಂತುಹೋಗಿತ್ತು. ನೀರು ನಿಂತರೆ ಡ್ರಮ್ಮು ತುಂಬುವುದಿಲ್ಲ, ಅದು ಸರಿ. ಆದರೆ ಇದ್ದ ನೀರು ಎಲ್ಲಿಗೆ ಹೋಯಿತು?

ಪೈಪಿನ ತುದಿ ಇನ್ನೂ ಬಿಳಿ ನೀರಿನಲ್ಲೇ ಮುಳುಗಿತ್ತು. ಅದನ್ನು ಮೇಲೆತ್ತಿ ಅದರ ಬಾಯಿಗೆ ಅಂಗೈ ಅಡ್ಡ ಇಟ್ಟಳು. ಎಳೆಗರು ಬೆರಳು ಚೀಪಿದಂತೆ ಪೈಪು ಅವಳ ಅಂಗೈಯನ್ನು ಚೀಪಿತು.

ನೀರು ಪೈಪಿನಲ್ಲಿ ಹಿಂದಕ್ಕೆ ಹೋಗಿದೆ ಎಂದು ಸರಸಮ್ಮನಿಗೆ ತಿಳಿಯಿತು. ಓದಿದ್ದು ಏಳನೇ ಕ್ಲಾಸೇ ಆದರೂ ನೀರಿನ ಫೋರ್ಸಿನ ವಿಷಯದಲ್ಲಿ ಅವಳು ಎಂಜಿನಿಯರಿಗೂ ನಾಲ್ಕು ಮಾತು ಹೇಳಬಲ್ಲವಳು. ಎರಡು ವರ್ಷದಿಂದ ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು ಎಣಿಸಿದ್ದಾಳೆ. ಮೊದಲು ಅರವತ್ತು ಎಣಿಸುವಷ್ಟರಲ್ಲಿ ತುಂಬಿ ಚೆಲ್ಲುತ್ತಿದ್ದ ಬಿಂದಿಗೆ, ಕೆಳಗಿನ ಮನೆಯ ಓರಗಿತ್ತಿ ಚಿಕ್ಕತಾಯಮ್ಮ ನಲ್ಲಿಗೇ ಮೋಟರು ಕೂರಿಸಿದ ಮೇಲೆ ಮುನ್ನೂರು ಎಣಿಸಿದರೂ ಕಂಠ ಮುಟ್ಟುತ್ತಿರಲಿಲ್ಲ. ಅಣ್ಣತಮ್ಮಂದಿರ ಮನೆ ಪಾಲಾಗಿತ್ತು, ಹೊಲ ಪಾಲಾಗಿತ್ತು, ಪೈಪು ಮಾತ್ರ ಪಾಲಾಗಿರಲಿಲ್ಲ. ಅಲ್ಲಿ ಮೋಟರು ಗುಂಯ್ ಅಂದರೆ ಇಲ್ಲಿ ನೀರು ನೂಲಿನಷ್ಟಾಗುತ್ತಿತ್ತು. ಈ ಲೆಕ್ಕವನ್ನೆಲ್ಲ ಸರಸಮ್ಮ ನೀರು ಬಿಡುವ ನೀರುಗಂಟಿಯ ಮುಂದೆ, ನಡುಬೀದಿಯಲ್ಲಿ, ಊರಿಗೆಲ್ಲ ಕೇಳುವಂತೆ ಒಪ್ಪಿಸಿದ್ದಳು. ಚಿಕ್ಕತಾಯಮ್ಮನೂ ಸುಮ್ಮನೆ ಕೇಳಿಸಿಕೊಳ್ಳುವ ಹೆಂಗಸಲ್ಲ, ಏಳು ತಲೆಮಾರು ಎತ್ತಿ ಬೈದಿದ್ದಳು. ಅವತ್ತಿನಿಂದ ಎರಡು ಮನೆಗೂ ಮಾತಿಲ್ಲ.

ಈಗಲೂ ಕೆಳಗೆ ಮೋಟರಿನ ಸದ್ದು ಕೇಳುತ್ತಿತ್ತು. ಊರಿನ ನೀರು ನಿಂತಿದೆ, ಮೋಟರು ನಿಂತಿಲ್ಲ. ಖಾಲಿ ಪೈಪಿನಲ್ಲಿ ಅದರ ಬಾಯಿಗೆ ಸಿಕ್ಕಿದ್ದು ಈ ಡ್ರಮ್ಮು. ಒಂದು ಗೇಣು ವಿಷ ಕೆಳಗಿನ ಮನೆ ಸೇರಿದೆ. ಆ ಮನೆಯಲ್ಲಿ ಚಿಕ್ಕತಾಯಮ್ಮನ ಮಗಳು ಅನುಷಾ ಬಾಣಂತಿ. ಕೂಸಿಗೆ ಇಪ್ಪತ್ತೆರಡು ದಿನ. ಸರಸಮ್ಮ ಅದರ ಮುಖ ಇನ್ನೂ ನೋಡಿರಲಿಲ್ಲ, ಆದರೆ ದಿನಾ ಈ ಹೊತ್ತಿಗೆ ನೀರು ಹುಯ್ಯುವಾಗ ಅದು ಕಿರುಚುವುದು ಮೇಲಿನವರೆಗೂ ಕೇಳುತ್ತಿತ್ತು.

ಅವಳು ಓಡಿದಳು. ಸೆರಗು ಬೇಲಿಗೆ ಸಿಕ್ಕಿ ಹರಿಯಿತು.

ಬಚ್ಚಲಲ್ಲಿ ಚಿಕ್ಕತಾಯಮ್ಮ ಮಣೆಯ ಮೇಲೆ ಕೂತು, ಕಾಲು ನೀಡಿ, ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಪಕ್ಕದ ಬಕೆಟ್ಟಿನಲ್ಲಿ ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ ಇಟ್ಟಿತ್ತು. ನೀರು ಬೆಳ್ಳಗಿತ್ತು. ಅನುಷಾ ಟವಲು ಹಿಡಿದು ನಿಂತಿದ್ದಳು.

"ಚಿಕ್ಕತಾಯಿ, ಆ ನೀರು ಮುಟ್ಬ್ಯಾಡ ಕಣೇ! ಮಗೀಗೆ ಹುಯ್ಬ್ಯಾಡ!"

"ಬಂದ್ಲು ನೋಡು ನೀರಿನ ಯಜಮಾನ್ತಿ," ಅಂದಳು ಚಿಕ್ಕತಾಯಮ್ಮ, ತಲೆಯನ್ನೂ ಎತ್ತದೆ. "ಇವತ್ತು ಎಷ್ಟು ಎಣಿಸ್ದೆ? ನಮ್ ಕೂಸಿನ್ ಚೊಂಬಿಗೂ ಲೆಕ್ಕ ಇಟ್ಟಿದ್ದೀಯಾ?"

"ನಿನ್ ಕಾಲಿಗೆ ಬೀಳ್ತೀನಿ. ನಮ್ ಡ್ರಮ್ಮಲ್ಲಿದ್ದ ಉಣ್ಣಿ ಔಸ್ದಿ ಪೈಪಲ್ಲಿ ವಾಪಸ್ ಬಂದ್ಬುಟ್ಟೈತೆ. ನಿಮ್ ಮೋಟ್ರು ಎಳ್ಕಂಡ್ಬುಟ್ಟೈತೆ."

ಮೋಟರು ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಎಲ್ಲವೂ ಹಳೆಯ ಜಗಳವಾಯಿತು. ಹೊರಗೆ ಮೋಟರಿನ ಹತ್ತಿರ ನಿಂತಿದ್ದ ಚಿಕ್ಕತಾಯಮ್ಮನ ಮಗ ಶಿವರಾಜು ನಕ್ಕುಬಿಟ್ಟ.

"ನೀರು ನಲ್ಲಿಯಿಂದ ಬತ್ತದೆ ಕಣ್ ದೊಡ್ಡವ್ವ, ನಲ್ಲಿ ಒಳೀಕೆ ಹೋಯ್ತದಾ? ಮೋಟ್ರು ತೆಗ್ಸಕ್ಕೆ ಇದೊಂದು ಹೊಸ ಕತೆ."

"ನೀರು ನೋಡ್ಲಾ, ಬೆಳ್ಳಗೈತೆ!"

"ಬ್ಲೀಚಿಂಗ್ ಹಾಕವ್ರೆ. ಒಂದೊಂದ್ ದಿನ ಹಿಂಗೇ ಬತ್ತದೆ."

"ಬಾ, ನಮ್ ಪೈಪಿಗೆ ಅಂಗೈ ಇಟ್ಟು ನೋಡು. ಹೆಂಗೆ ಎಳೀತೈತೆ ನೀನೇ ನೋಡ್ಲಾ!"

"ತಗಾ, ಆಫೇ ಮಾಡ್ದೆ. ಸಮಾಧಾನಾನಾ?" ಎಂದು ಶಿವರಾಜು ಸ್ವಿಚ್ಚು ಒತ್ತಿದ. ಮೋಟರು ನಿಂತಿತು. ಇನ್ನು ಪೈಪು ಯಾರ ಅಂಗೈಯನ್ನೂ ಎಳೆಯುವುದಿಲ್ಲ ಎಂದು ಸರಸಮ್ಮನಿಗೆ ತಿಳಿಯಿತು. ತೋರಿಸಲು ಅವಳಲ್ಲಿ ಇನ್ನೇನೂ ಉಳಿಯಲಿಲ್ಲ.

ಚಿಕ್ಕತಾಯಮ್ಮ ಬಕೆಟ್ಟಿಗೆ ಚೊಂಬು ಅದ್ದಿದಳು. ಸರಸಮ್ಮ ಮುಂದೆ ನುಗ್ಗಿದಳು. ಶಿವರಾಜು ಅವಳ ರಟ್ಟೆಯನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದ. ಕೂಸು ಎಣ್ಣೆಮೈಯಲ್ಲಿ ಕೈಕಾಲು ಬಡಿಯುತ್ತಾ ಬಾಯಿ ಅಗಲಿಸಿ ಅಳುತ್ತಿತ್ತು. ಚೊಂಬು ನೇರವಾಗಿ ಆ ತೆರೆದ ಬಾಯಿಯ ಮೇಲೆ ಬಂದಿತು. ನಿಜವನ್ನು ಎಷ್ಟು ಬಗೆಯಲ್ಲಿ ಹೇಳಬಹುದೋ ಅಷ್ಟೂ ಬಗೆಯಲ್ಲಿ ಹೇಳಿಯಾಗಿತ್ತು.

"ನಾನೇ ಹಾಕ್ದೆ ಕಣೇ!" ಸರಸಮ್ಮ ಗಂಟಲು ಹರಿಯುವಂತೆ ಕೂಗಿದಳು. "ವಿಸ ನಾನೇ ಹಾಕ್ದೆ! ನಿಮ್ ಮನೆ ಹಾಳಾಗ್ಲಿ ಅಂತ, ಬೇಕಂತ್ಲೇ ನಿಮ್ ಪೈಪಿಗೆ ಹುಯ್ದೆ!"

ಚೊಂಬು ಅಲ್ಲೇ ನಿಂತಿತು.

ಹೇಗೆ ಹುಯ್ದೆ, ಎಲ್ಲಿ ಹುಯ್ದೆ ಎಂದು ಯಾರೂ ಕೇಳಲಿಲ್ಲ. ನೀರು ಹಿಂದಕ್ಕೆ ಹರಿಯಿತು ಎಂದರೆ ನಕ್ಕ ಜನ, ದೊಡ್ಡವ್ವ ಹಸುಗೂಸಿಗೆ ವಿಷ ಹಾಕಿದಳು ಎಂಬುದನ್ನು ಒಂದು ಉಸಿರಿನಲ್ಲಿ ನಂಬಿದರು. ಚಿಕ್ಕತಾಯಮ್ಮ ಚೊಂಬು ಬಿಸಾಕಿ, ಕೂಸನ್ನು ಎದೆಗೆ ಅವುಚಿಕೊಂಡು, ಕಾಲಿನಿಂದ ಬಕೆಟ್ಟು ಒದ್ದಳು. ಔಷಧಿಯ ಗಾಟು ಈಗ ಬಚ್ಚಲೆಲ್ಲ ಎದ್ದಿತು. ಬಿಳಿ ನೀರು ಸರಸಮ್ಮನ ಪಾದದ ಮೇಲೆ ಹರಿದು ಮೋರಿಗೆ ಹೋಯಿತು.

"ನಿನ್ ಕೈ ಸೇದೋಗ! ನಿನ್ ವಂಸ ನಿರ್ವಂಸ ಆಗ!" ಚಿಕ್ಕತಾಯಮ್ಮನ ದನಿ ಬೀದಿ ಮುಟ್ಟಿತು. ಶಿವರಾಜು ಹೊರಗೆ ಓಡಿ ಜನರನ್ನು ಕೂಗತೊಡಗಿದ. ಸರಸಮ್ಮ ಹೊಸಲಿನ ಮೇಲೆ ಕೂತಳು. ಈಗ ನಿಜ ಹೇಳಿದರೆ ಯಾರು ಕೇಳುತ್ತಾರೆ? ಬೀರಯ್ಯ ಬಂದಾಗ ಅವನಾದರೂ ಕೇಳುತ್ತಾನೋ ಇಲ್ಲವೋ.

"ಅನುಷಾ," ಅಂದಳು, "ನೀನಾಗ್ಲಿ ಕೂಸಾಗ್ಲಿ ಆ ನೀರು ಒಸಿನಾದ್ರೂ ಕುಡುದ್ರಾ ಅವ್ವ?"

ಅನುಷಾ ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ತಾಯಿಯ ಕೈಯಿಂದ ಕೂಸನ್ನು ತೆಗೆದುಕೊಂಡು, ದೊಡ್ಡವ್ವನ ಕಣ್ಣು ಬೀಳದ ಹಾಗೆ ಅದರ ಮುಖಕ್ಕೆ ಟವಲು ಮುಚ್ಚಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.