ಒಬ್ಬಂಟಿ ಎಂಬ ಷರತ್ತು

ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವುದು ಅವಳ ಕಸುಬು. ಬೀದಿಯವರೆಲ್ಲ ಗುಂಡಿಯಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಆ ಕೂಲಿ ಬಾಡಿಗೆಗೇ ಸಾಲುತ್ತಿರಲಿಲ್ಲ. ಸರ್ಕಾರ ವಿಧವೆಯರಿಗೆ ಕೊಡುವ ಸಹಾಯಧನದಿಂದ ಒಲೆ ಉರಿಯುತ್ತಿತ್ತು. ಅದಕ್ಕೊಂದು ಷರತ್ತು: ಮನೆಯಲ್ಲಿ ಗಂಡಸು ಇರಕೂಡದು. ಇದ್ದಾನೋ ಇಲ್ಲವೋ ನೋಡಲು ತನಿಖೆಯವನು ಹೇಳದೆ ಕೇಳದೆ ಬರುತ್ತಿದ್ದ, ಹಾಸಿಗೆ ಮಗುಚಿ ನೋಡುತ್ತಿದ್ದ. ಅವನ ಭಯಕ್ಕೆ ಬೀದಿಯ ವಿಧವೆಯರು ಒಡಹುಟ್ಟಿದವರನ್ನೂ ಬೆಳೆದ ಗಂಡುಮಕ್ಕಳನ್ನೂ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದರು. ಬರಬರುತ್ತ ಅದೇ ಮರ್ಯಾದೆ ಎನಿಸಿಕೊಂಡಿತು. ಗುಂಡಿಯಕ್ಕನ ತಮ್ಮನೂ ಹೊಸಿಲಾಚೆ ನಿಂತೇ ಅಕ್ಕ ಕೊಟ್ಟ ಚಹಾ ಕುಡಿದು ಹೋಗುತ್ತಿದ್ದ.

ಒಮ್ಮೆ ಅವಳಿಗೆ ವಿಪರೀತ ಜ್ವರ ಬಂತು. ಬಾಗಿಲು ತಟ್ಟಿದರೆ ಏಳಲಾಗಲಿಲ್ಲ. ತಮ್ಮ ಒಳಗೆ ಬಂದ, ಗಂಜಿ ಕಾಯಿಸಿ ಕುಡಿಸಿದ, ಜ್ವರ ಇಳಿಯುವವರೆಗೂ ತಲೆದೆಸೆಯಲ್ಲೇ ಕೂತ. ಎದುರುಮನೆ ಅಜ್ಜಿಯೂ ಅದೇ ಸಹಾಯಧನದಲ್ಲಿ ಬದುಕುವವಳು. ತನಿಖೆಯವನು ಗದರಿಸಿ ಕೇಳಿದಾಗ ಹೆದರಿ, "ಹೂಂ, ಗಂಡಸು ಇದ್ದಾನೆ" ಎಂದುಬಿಟ್ಟಳು. ಮುಂದಿನ ತಿಂಗಳು ಹಣ ಬರಲಿಲ್ಲ.

"ನಿನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿದೆ ಅಕ್ಕ" ಎಂದ ತಮ್ಮ, ದೂರದ ಊರಿನ ಗಿರಣಿಗೆ ಕೆಲಸಕ್ಕೆ ಹೊರಟುಹೋದ.

ಗುಂಡಿಯಕ್ಕ ಬಡವರಿಗೆ ಪುಕ್ಕಟೆ ವಾದಿಸುವ ವಕೀಲೆಯೊಬ್ಬಳ ಬಳಿ ಹೋದಳು.

"ಇದು ಭಿಕ್ಷೆ ಅಲ್ಲಮ್ಮ, ಹಕ್ಕು. ನಿಲ್ಲಿಸೋಕೆ ಮುಂಚೆ ನಿಮ್ಮ ಮಾತು ಕೇಳಿದ್ರಾ?" ಎಂದಳು ವಕೀಲೆ.

"ಇಲ್ಲ ಮೇಡಂ."

"ಹಾಗಾದ್ರೆ ಕೋರ್ಟಲ್ಲಿ ಕೇಳಿಸೋಣ."

ಸುದ್ದಿ ಕೇಳಿ, ಮೈದುನನ ಮನೆಯಲ್ಲಿದ್ದ ಅತ್ತೆ ಓಡಿಬಂದಳು. "ಉಂಡ ಮನೆಗೆ ಎರಡು ಬಗೀತೀಯೇನೇ? ನಾವೆಲ್ಲ ಬಾಯಿ ಮುಚ್ಕೊಂಡು ಬಾಳಲಿಲ್ವಾ? ಕೋರ್ಟು ಮೆಟ್ಟಿಲು ಹತ್ತಿದ್ರೆ ಮನೆತನದ ಮಾನ ಹರಾಜಾಗುತ್ತೆ!"

"ಅವನು ನನ್ನ ಹಾಸಿಗೆ ಮಗುಚಿದಾಗ ಮಾನ ಎಲ್ಲಿಗೆ ಹೋಗಿತ್ತು ಅತ್ತೆ?"

ಅತ್ತೆ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಬೀದಿಯವರೂ ಕಂಡರೆ ಮುಖ ತಿರುಗಿಸಿದರು. ವಾಯಿದೆಯ ಮೇಲೆ ವಾಯಿದೆ ಬಿದ್ದು ವರ್ಷ ಉರುಳಿತು. ದರ್ಜಿ ಅಂಗಡಿಯವನಿಗೆ ಅಂಗಿ ಒಪ್ಪಿಸುವಾಗ ಆಡುವ ನಾಲ್ಕು ಮಾತು ಬಿಟ್ಟರೆ ಅವಳಿಗೆ ಮಾತೇ ಇರಲಿಲ್ಲ. ಕೆಲವೊಮ್ಮೆ ತನ್ನ ದನಿ ಇನ್ನೂ ಇದೆಯೇ ಎಂದು ನೋಡಲು ಗೋಡೆಯ ಕಡೆ ತಿರುಗಿ ತಮ್ಮನನ್ನು ಕರೆಯುತ್ತಿದ್ದಳು.

ಕಡೆಗೊಂದು ದಿನ ಕೋರ್ಟಿನ ಮೊಗಸಾಲೆಯಲ್ಲಿ ಸರ್ಕಾರಿ ವಕೀಲ ಕಾಗದ ಚಾಚಿದ. "ಬಾಕಿಯೆಲ್ಲ ಕೊಡಿಸ್ತೀವಿ. ಗಂಡಸರನ್ನ ಮನೆಗೆ ಸೇರಿಸಲ್ಲ ಅಂತ ರುಜು ಹಾಕಿ, ಕೇಸು ಮುಗೀತು."

"ತೀರ್ಮಾನ ನಿಮ್ಮದು. ನಿಮ್ಮ ಕಷ್ಟ ನನಗೆ ಗೊತ್ತು. ಆದ್ರೆ ಷರತ್ತು ಹಾಗೇ ಉಳಿಯುತ್ತೆ" ಎಂದಳು ವಕೀಲೆ ಮೆಲ್ಲಗೆ.

ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಗುಂಡಿಯಕ್ಕ ಪೆನ್ನು ಹಿಡಿದಳು. ಹಿಡಿದವಳು ಕೆಳಗಿಟ್ಟಳು.

"ಬೇಡ ಸ್ವಾಮಿ. ಗಂಡನ್ನ ಸಾವು ಕಿತ್ಕೊಳ್ತು. ತಮ್ಮನ್ನ ನೀವು ಕಿತ್ಕೊಂಡ್ರಿ. ಅದಕ್ಕೂ ನನ್ನ ರುಜು ಬೇಕಾ?"

ಕೇಸು ನಡೆಯಿತು. ಷರತ್ತು ರದ್ದಾಯಿತು, ಅವಳೊಬ್ಬಳಿಗಲ್ಲ, ಎಲ್ಲ ವಿಧವೆಯರಿಗೂ. ಗಿರಣಿಗೆ ಫೋನು ಮಾಡಿದರೆ ತಮ್ಮ ಪಾಳಿಯಲ್ಲಿದ್ದ. "ಬಂದು ಹೋಗು ಅನ್ನಿ" ಎಂದಷ್ಟೇ ಹೇಳಿ ಇಟ್ಟಳು.

ಮಾರನೆಯ ಸಂಜೆ ಬಾಗಿಲಲ್ಲಿ ಎದುರುಮನೆ ಅಜ್ಜಿ ನಿಂತಿದ್ದಳು. ಒಳಗೆ ಕಾಲಿಡಲಿಲ್ಲ. ಗುಂಡಿಯಕ್ಕನೇ ಕೇಳಿದಳು: "ನಿನ್ನ ಮಗ ಬಂದಿದ್ನಂತೆ. ಒಳಗೆ ಬಂದ್ನಾ?"

"ಬಂದ ಕಣೇ. ಗೋಡೆಗೆ ಒರಗಿ ಕೂತು, ಕೇಳಿ ಕೇಳಿ ಬಡಿಸ್ಕೊಂಡು ಉಂಡ" ಎನ್ನುತ್ತಾ ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಗುಂಡಿಯಕ್ಕ ಹೊಲಿಗೆ ಬದಿಗೆ ಸರಿಸಿ, ಒಳಗೆ ಅಜ್ಜಿಗೆ ಚಾಪೆ ಹಾಸಿದಳು.