ಹಗೇವಿನ ಬಾಯಿ

“ಇಳಿಯಾಕೆ ನಿಂಗೇನ್ಲಾ ಮುಹೂರ್ತ ಇಡಿಸ್ಬೇಕಾ, ಬೋಳಿಮಗ್ನೆ? ಸಾಹೇಬ್ರು ಕಾಯ್ತಾವ್ರೆ!”

ರೈತ ಸಹಾಯ ಸಂಘದ ಅಧ್ಯಕ್ಷ ಶಂಕರಲಿಂಗಪ್ಪ ಹೀಗೆ ಕೂಗಿದ್ದು ಕೆಂಪಯ್ಯನಿಗೆ. ಸಂಘದ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಆ ಗುಂಡಿಗೆ ಇಳಿಯುವುದು ನಮ್ಮ ಹೊಲಗೇರಿಯ ಪಾಲಿನ ಕೆಲಸ. ವರ್ಷಕ್ಕೆ ಎರಡು ಕೊಳಗ ರಾಗಿ ಕೊಟ್ಟು ನಾವೂ ಸದಸ್ಯರಾಗಿದ್ದೆವು. ನಮ್ಮ ರಾಗಿಗೆ ಮೈಲಿಗೆ ಇರಲಿಲ್ಲ, ನಮಗಿತ್ತು. ಸಭೆ ನಡೆದರೆ ದೂರ ಕೂರುತ್ತಿದ್ದೆವು.

ಮೊನ್ನೆ ಹದಮಳೆ ಬಿದ್ದಿತ್ತು. ನಾಳೆಯೊಳಗೆ ಬಿತ್ತದಿದ್ದರೆ ಕೇರಿಗೆ ವರ್ಷವೆಲ್ಲ ಕೂಳಿಲ್ಲ. ಕೆಂಪಯ್ಯನ ಹೆಂಡತಿ ಓಬಳಮ್ಮ ಬೆಳಿಗ್ಗೆಯೇ ಹೋಗಿ ಬಿತ್ತನೆ ರಾಗಿ ಕೇಳಿದ್ದಳು.

“ಅಮಲ್ದಾರ್ರು ನೋಡಿ ಹೋಗೋಗಂಟ ಒಂದ್ ಕಾಳೂ ಎತ್ತಂಗಿಲ್ಲ. ದೂರ ನಿಂತ್ಕಳೇ,” ಎಂದು ಶಂಕರಲಿಂಗಪ್ಪ ಅಟ್ಟಿದ್ದ.

ಆ ಅಮಲ್ದಾರರು ಈಗ ಕುರ್ಚಿಯಲ್ಲಿ ಕೂತು ಎಳನೀರು ಕುಡಿಯುತ್ತಿದ್ದರು. ಅಧ್ಯಕ್ಷ ವರದಿ ಓದಿ ಮುಗಿಸಿದ್ದ: ದಾಸ್ತಾನು ನಲವತ್ತು ಖಂಡುಗ, ಸಂಘದ ಸ್ಥಿತಿ ಅತ್ಯುತ್ತಮ, ಸರ್ಕಾರ ಸಹಾಯಧನ ದಯಪಾಲಿಸಬೇಕು. ಬಡವರ ಸೇವೆ ಎನ್ನುವಾಗ ಕಣ್ಣು ಬೇರೆ ಒರೆಸಿಕೊಂಡ. ಥೂ!

ಕೆಂಪಯ್ಯ ಇಳಿದ. ‘ತುಂಬೈತೆ’ ಎಂದು ಕೂಗಬೇಕೆಂದು ಅವನಿಗೆ ಕಟ್ಟಪ್ಪಣೆಯಾಗಿತ್ತು. ಮೊದಲು ಒಂದು ಮೊರ ರಾಗಿ ಮೇಲೆ ಬಂತು. ಅಮಲ್ದಾರರು ತಲೆದೂಗಿದರು. ಆಮೇಲೆ ಬಂದದ್ದು ಒಂದು ತಬ್ಬು ಮುಗ್ಗಲು ಹುಲ್ಲು. ಅದರ ಹಿಂದೆ ಇನ್ನೊಂದು ತಬ್ಬು.

“ಸೋಮಿ, ಮ್ಯಾಲೆ ಗೇಣುದ್ದ ರಾಗಿ ಹರಡವ್ರೆ, ಅಡೀಗೆಲ್ಲ ಹುಲ್ಲೇಯಾ! ರಾಗೀನ ಇವ್ರ ಗಾಡಿಗೆ ಹೊತ್ತಾಕಿದ್ದೂ ನಾನೇ, ಹುಲ್ಲು ತುರುಕಿದ್ದೂ ನಾನೇ!”

ಅಮಲ್ದಾರರು ಮೂಗಿಗೆ ಕರವಸ್ತ್ರ ಒತ್ತಿಕೊಂಡರು. “ಬಿಸಿಲು ಜಾಸ್ತಿಯಾಯ್ತು,” ಎಂದವರೇ ವರದಿಗೆ ರುಜು ಹಾಕಿದರು.

“ಚಪ್ಪಡಿ ಎಳೀರ್ಲಾ! ಒಳಗೇ ಸಾಯ್ಲಿ ನನ್ಮಗ!” ಎಂದು ಶಂಕರಲಿಂಗಪ್ಪ ಅರಚಿದ.

ಅವನ ನಾಲ್ವರು ಆಳುಗಳು ಹಗೇವು ಮುಚ್ಚುವ ಕಲ್ಲಿಗೆ ಕೈಹಾಕಿದರು. ಅಷ್ಟರಲ್ಲಿ ಓಬಳಮ್ಮ ಓಡಿಬಂದು ಹಗೇವಿನ ಬಾಯೊಳಕ್ಕೆ ಕಾಲು ಇಳಿಬಿಟ್ಟು ಕುಳಿತಳು. ನಾಲ್ವರೂ ಬೆಂಕಿ ತಾಕಿದಂತೆ ಹಿಂದಕ್ಕೆ ಹಾರಿದರು.

“ಬರ್ರಪ್ಪ, ನನ್ ಮುಟ್ಟಿ ಎತ್ತಾಕಿ, ಆಮ್ಯಾಕೆ ಮುಚ್ಚೀರಂತೆ.”

ಒಬ್ಬನೂ ಮುಂದೆ ಬರಲಿಲ್ಲ. ಶಂಕರಲಿಂಗಪ್ಪನೂ ಬರಲಿಲ್ಲ.

ಅವಳು ಒಳಕ್ಕೆ ಬಗ್ಗಿದಳು. “ಹುಲ್ಲು ಸಾಕು ಕಣಯ್ಯೋ, ಉಳಿದಿರೋ ರಾಗಿ ಬಾಚ್ಕೊಡು. ಹದ ಆರೋಯ್ತದೆ.”

ಮೊರ ಮೇಲೆ ಬಂತು. ಓಬಳಮ್ಮ ಮಡಿಲಿಗೆ ಸುರುವಿಕೊಂಡಳು. ಅಮಲ್ದಾರರ ಕಣ್ಣೆದುರೇ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಸೆರಗೊಡ್ಡಿದರು. ನಾನೂ ಒಡ್ಡಿದೆ.