ಈ ಕಟಿಂಗ್ ನನ್ನದಲ್ಲ ಸ್ವಾಮಿ

ಸುಳ್ಳು ಹೇಳುವುದು ಕ್ಷೌರಿಕನಿಗೆ ಹೊಸದೇನಲ್ಲ. ಬೋಳಾಗುತ್ತಿರುವ ತಲೆಯನ್ನು ಹಿಡಿದುಕೊಂಡು ‘ಎಲ್ಲಿ ಸಾರ್ ಉದುರಿದೆ, ಸುಮ್ನೆ ನಿಮ್ಮ ಭ್ರಮೆ’ ಎನ್ನದೆ ಯಾವ ಕಟಿಂಗ್ ಶಾಪು ತಾನೇ ನಡೆದೀತು? ಆದರೆ ಕೋರ್ಟಿನಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಬೇಕು ಎಂದಾಗ ಅವನು ಹೆದರಿಬಿಟ್ಟ. ಹೇಳು ಎಂದವಳು ಹೆಂಡತಿ. ಇಲ್ಲ ಎನ್ನುವ ಹಾಗಿರಲಿಲ್ಲ.

ವಿಷಯ ಇಷ್ಟೆ. ಅವಳ ತಮ್ಮನನ್ನು ಬೇಕರಿಯವರು ಕೆಲಸದಿಂದ ತೆಗೆದುಹಾಕಿದ್ದರು. ಅದೇ ಸಂಜೆ ಯಾರೋ ಬೇಕರಿಯ ಗಾಜಿಗೆ ಕಲ್ಲು ಬೀಸಿದರು. ಪೊಲೀಸರು ಹಿಂದೆಮುಂದೆ ನೋಡದೆ ಇವನನ್ನು ಎಳೆದುಕೊಂಡು ಹೋದರು. ಕಲ್ಲು ಬಿದ್ದಾಗ ನಾನು ಭಾವನ ಅಂಗಡಿಯಲ್ಲಿ ಕಟಿಂಗ್ ಮಾಡಿಸಿಕೊಳ್ಳುತ್ತಿದ್ದೆ ಎಂದು ಇವನು ಅಲ್ಲಿ ಒದರಿಬಿಟ್ಟ. ಆವತ್ತು ಅಂಗಡಿಯ ಮುಂದೆ ಇವನ ನೆರಳೂ ಸುಳಿದಿರಲಿಲ್ಲ. ಹಾಗಾದರೆ ಕಲ್ಲು ಇವನದೇ ಎಂದು ಕ್ಷೌರಿಕ ಮನಸ್ಸಿನಲ್ಲೇ ತೀರ್ಮಾನಿಸಿದ. ತಮ್ಮ ಜೈಲಿಗೆ ಹೋದರೆ ಈ ಮನೆಯಲ್ಲಿ ಒಲೆ ಹತ್ತುವುದಿಲ್ಲ ಎಂದು ಹೆಂಡತಿ ಖಡಾಖಂಡಿತವಾಗಿ ಹೇಳಿದಳು.

ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡುವಾಗ ಎರಡು ಸಲ ತಡವರಿಸಿದ. ಒಮ್ಮೆ ಶುರುಹಚ್ಚಿಕೊಂಡನೋ, ಅಯ್ಯೋ, ಬಾಯಿಗೆ ಬ್ರೇಕೇ ಇಲ್ಲ. ಭಾವಮೈದ ಬಂದ, ಕೂತ, ಬಟ್ಟೆ ಹೊದಿಸಿದೆ, ನೀರು ಚಿಮುಕಿಸಿದೆ, ಸುಳಿ ಎಲ್ಲಿದೆ ನೋಡಿಕೊಂಡು ಕತ್ತರಿ ಆಡಿಸಿದೆ ಎಂದು ಇಲ್ಲದ ಕಟಿಂಗನ್ನು ಎಳೆಎಳೆಯಾಗಿ ಬಿಡಿಸಿಟ್ಟ. ನ್ಯಾಯಾಧೀಶರೇ ಸಾಕು ಎಂದು ಕೈ ಎತ್ತಬೇಕಾಯಿತು. ಹಿಂದಿನ ಬೆಂಚುಗಳಲ್ಲಿ ಕೂತಿದ್ದ ಅವನ ಗಿರಾಕಿಗಳು ತಲೆದೂಗಿದರು. ಹೆಂಡತಿಯ ಮುಖ ಅರಳಿತು.

ಸರ್ಕಾರಿ ವಕೀಲರು ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಆವತ್ತೇ ಸ್ಟೇಷನ್ನಿನಲ್ಲಿ ತೆಗೆದ ಫೋಟೋ ಒಂದನ್ನು ಕೈಗಿತ್ತು, ನೀವು ಮಾಡಿದ ಕಟಿಂಗ್ ಇದೇ ತಾನೇ ಎಂದು ಕೇಳಿದರು.

ಕ್ಷೌರಿಕ ನೋಡಿದ. ಒಂದು ಕಿವಿಯ ಹಿಂದೆ ಕೂದಲು ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಇನ್ನೊಂದು ಕಡೆ ಇಲಿ ತಿಂದು ಬಿಟ್ಟ ಹಾಗಿತ್ತು. ಜಾಮೀನಿನ ಮೇಲೆ ಬಂದ ಹುಡುಗ ವಾರಗಟ್ಟಲೆ ಟೋಪಿ ತೆಗೆಯದೆ ಓಡಾಡಿದ್ದ. ಪಾಪ, ಅವಮಾನಕ್ಕಿರಬೇಕು ಎಂದು ಕ್ಷೌರಿಕ ಮರುಗಿದ್ದ. ವಕೀಲರು ಫೋಟೋವನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಗಿರಾಕಿಗಳಲ್ಲಿ ಇಬ್ಬರು ಮೆಲ್ಲಗೆ ತಮ್ಮ ತಲೆ ಮುಟ್ಟಿ ನೋಡಿಕೊಂಡರು. ಹೌದು ಎಂದರೆ ಅಂಗಡಿ ಮುಚ್ಚಬೇಕು, ಅಲ್ಲ ಎಂದರೆ ಮನೆಯಲ್ಲಿ ಉಪವಾಸ. ಅವನಿಗೆ ಅಳು ಬಂದುಬಿಟ್ಟಿತು.

‘ಸ್ವಾಮಿ, ಬೇಕಾದ್ರೆ ನನ್ನನ್ನ ಒಳಗೆ ಹಾಕಿ. ಈ ಕಟಿಂಗ್ ನನ್ನದಲ್ಲ.’

ಹಾಗಾದರೆ ಇಷ್ಟು ಹೊತ್ತು ಹೇಳಿದ್ದೇನು ಎಂದು ನ್ಯಾಯಾಧೀಶರು ಗದರಿದರು. ಅಷ್ಟೂ ಸುಳ್ಳು ಎಂದು ಒಪ್ಪಿಕೊಂಡ. ಹೆಂಡತಿ ಹಣೆ ಚಚ್ಚಿಕೊಂಡಳು. ಅಲ್ಲಿಗಾದರೂ ಬಾಯಿ ಮುಚ್ಚಿದನೇ ಪುಣ್ಯಾತ್ಮ? ಮರ್ಯಾದೆಯ ಪ್ರಶ್ನೆ ನೋಡಿ. ಇದು ಹಿಂದಿನ ಬೀದಿಯ ಕಟಿಂಗ್ ಶಾಪಿನವನ ಕೈ, ಕಿವಿ ಹಿಂದೆ ಮೆಟ್ಟಿಲು ಕಟ್ಟುವವನು ಊರಿಗೆಲ್ಲ ಅವನೊಬ್ಬನೇ ಎಂದು ಕೂಗಿ ಹೇಳಿದ.

ಆ ಶಾಪಿನವನಿಗೆ ಹೇಳಿ ಕಳಿಸಿದರು. ಅವನು ಫೋಟೋ ನೋಡಿ ಎದೆಯುಬ್ಬಿಸಿಕೊಂಡು, ನನ್ನದೇ ಕೆಲಸ, ಹೊಸ ಸ್ಟೈಲು ಎಂದ. ಈ ಹುಡುಗ ಕುರ್ಚಿಯಲ್ಲಿದ್ದಾಗಲೇ ಬೇಕರಿ ಕಡೆಯಿಂದ ಗಾಜು ಒಡೆದ ಸದ್ದು ಕೇಳಿತು, ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡೇ ನೋಡಲು ಓಡಿದವನು ವಾಪಸ್ಸೇ ಬರಲಿಲ್ಲ, ಬಟ್ಟೆಯೂ ಹೋಯಿತು ಎಂದು ದೂರು ಬೇರೆ ಹೇಳಿದ. ಭಾವಮೈದ ನೆಲ ನೋಡುತ್ತ ಹೌದೆಂದ, ಬೇಕರಿ ಮುಂದೆಯೇ ಪೊಲೀಸರು ಹಿಡಿದರಂತೆ.

ಕೇಸು ಬಿದ್ದುಹೋಯಿತು. ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ಜೈಲಿಗೇ ಕಳಿಸಬೇಕಿತ್ತು, ನೀನಾಗಿಯೇ ಒಪ್ಪಿಕೊಂಡೆ ಎಂದು ಬಿಟ್ಟಿದ್ದೇನೆ ಎಂದು ನ್ಯಾಯಾಧೀಶರು ಕ್ಷೌರಿಕನಿಗೆ ಚೆನ್ನಾಗಿ ಛೀಮಾರಿ ಹಾಕಿದರು. ಅದು ಅವನ ಕಿವಿಗೆ ಬೀಳಲೇ ಇಲ್ಲ. ಇಡೀ ಊರಲ್ಲಿ ಬೇರೆ ಯಾರೇ ಆ ಕುರ್ಚಿಯಲ್ಲಿ ಕೂತಿದ್ದರೂ ಸಹಿಸಿಕೊಳ್ಳುತ್ತಿದ್ದನೇನೋ. ಮನೆಯವನೇ ಹೋಗಿ ಕೂತಿದ್ದಕ್ಕೆ ಅವನಿಗೆ ತುಂಬ ನೋವಾಗಿತ್ತು.

ಮನೆಗೆ ಬಂದವನೇ ಭಾವಮೈದನನ್ನು ಎದುರಿಗೆ ಕೂರಿಸಿಕೊಂಡ.

‘ನಿಜ ಹೇಳು. ನನ್ನನ್ನ ಬಿಟ್ಟು ಅವನ ಹತ್ರ ಯಾಕೋ ಹೋದೆ?’

ಹುಡುಗ ಅಕ್ಕನ ಮುಖ ನೋಡಿದ. ಅವಳು ಕಣ್ಣಲ್ಲೇ ಬೇಡ ಬೇಡ ಎಂದಳು.

‘ನೀವು ಕಟಿಂಗ್ ಮಾಡ್ತಾ ತುಂಬಾ ಮಾತಾಡ್ತೀರ, ಭಾವ. ಅವತ್ತು ಕೆಲಸ ಹೋಗಿತ್ತು, ಕೇಳಿಸ್ಕೊಳ್ಳೋ ಶಕ್ತಿ ಇರ್ಲಿಲ್ಲ. ಇದನ್ನ ನಿಮಗೆ ಹೇಳೋದಕ್ಕಿಂತ ಜೈಲೇ ವಾಸಿ ಅನ್ನಿಸ್ತು.’

ಹೆಂಡತಿ ನಗು ತಡೆಯಲಾರದೆ ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಓಡಿದಳು. ಕ್ಷೌರಿಕ ಬಹಳ ಹೊತ್ತು ಸುಮ್ಮನೆ ಕೂತಿದ್ದ. ಅವನು ಅಷ್ಟು ಹೊತ್ತು ಮಾತಿಲ್ಲದೆ ಇದ್ದದ್ದನ್ನು ಆ ಮನೆ ಕಂಡಿರಲಿಲ್ಲ.

‘ನಿನಗೋಸ್ಕರ ಅಷ್ಟು ಜನರ ಮುಂದೆ ಪ್ರಮಾಣ ಮಾಡಿ ಸುಳ್ಳು ಹೇಳಿದೆನಲ್ಲೋ,’ ಎಂದ ಕೊನೆಗೆ, ‘ನನಗೋಸ್ಕರ ಒಂದೇ ಒಂದು ಸುಳ್ಳು ಹೇಳೋಕೆ ಆಗ್ಲಿಲ್ವಾ ನಿನಗೆ?’